ಹಳೇ ಎಕ್ಸೆಲ್ ಫೈಲು ತಂದರೆ ಅರ್ಧ ಡೇಟಾ ಖಾಲಿ: ಹೋಗಿದ್ದೆಲ್ಲಿ?

ಪ್ರಶ್ನೆ: ನಾನು ಕೃಷಿ ಅರ್ಥಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ. ಕೆಲವು ಹಾಲು ಉತ್ಪಾದಕರ ಸಹಕಾರ ಸಂಘಗಳಿಂದ 2004ರಿಂದ 2010ರವರೆಗಿನ ಹಾಲು ಖರೀದಿ ಲೆಕ್ಕದ ಫೈಲುಗಳನ್ನು ತಂದಿದ್ದೇನೆ. ಎಲ್ಲವೂ ಹಳೇ ಎಕ್ಸ್‌ಎಲ್‌ಎಸ್ ಫೈಲುಗಳು. ಎಸ್‌ಕ್ಯೂಎಲ್ ಸರ್ವರ್‌ನ ಇಂಪೋರ್ಟ್ ವಿಝಾರ್ಡ್‌ನಿಂದ ಡೇಟಾಬೇಸಿಗೆ ಹಾಕಿ, ಅಲ್ಲಿಂದ ಗ್ರಾಫ್, ವರದಿ ಮಾಡುವ ಪವರ್ ಬಿಐಗೆ ತಂದೆ. ಎಕ್ಸೆಲ್‌ನಲ್ಲಿ ತೆರೆದರೆ ಎಲ್ಲ ಸರಿಯಾಗಿ ಕಾಣುತ್ತದೆ. ಡೇಟಾಬೇಸಿನಲ್ಲಿ ಸದಸ್ಯರ ಸಂಖ್ಯೆ ಎಷ್ಟೋ ಕಡೆ ನಲ್, ಅಂದರೆ ಖಾಲಿ. ತಾರೀಖು ಪ್ರತಿ ತಿಂಗಳೂ ಮೊದಲ ಕೆಲವು ದಿನ ಇದೆ, ಆಮೇಲೆ ಇಲ್ಲ. ಊರಿನ ಹೆಸರು ಒಂದು ಸಾಲಿನಲ್ಲಿ ಬಂದು ಮುಂದಿನ ನೂರಾರು ಸಾಲು ಖಾಲಿ. ಇಂಪೋರ್ಟ್ ಆಗುವಾಗ ಒಂದೂ ಎರರ್ ಬರಲಿಲ್ಲ. ಫೈಲು ಕೆಟ್ಟಿದೆಯಾ? ಎಲ್ಲವನ್ನೂ ಮತ್ತೆ ಟೈಪ್ ಮಾಡಬೇಕಾ?

ಉತ್ತರ: ಟೈಪ್ ಮಾಡಬೇಡಿ. ಫೈಲು ಕೆಟ್ಟಿಲ್ಲ. ಎಕ್ಸೆಲ್‌ನಲ್ಲಿ ಕಾಣುತ್ತಿದೆ ಅಂದರೆ ಡೇಟಾ ಅಲ್ಲೇ ಇದೆ, ಅದನ್ನು ಓದಿಕೊಡುವ ಡ್ರೈವರ್ ಎಂಬ ತಂತ್ರಾಂಶ ಅರ್ಧ ಓದಿ ಅರ್ಧ ಬಿಟ್ಟಿದೆ. ನೀವು ಹೇಳಿದ ಮೂರು ತೊಂದರೆಗೆ ಕಾರಣ ಒಂದೇ ಅಲ್ಲ. ಸದಸ್ಯರ ಸಂಖ್ಯೆಯದು ಸುಲಭ. ಊರಿನ ಹೆಸರಿನದು ಇನ್ನೂ ಸುಲಭ. ತಾರೀಖಿನದು ಮಾತ್ರ ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಕೆಟ್ಟದ್ದು. ಅಲ್ಲಿ ಖಾಲಿ ಇರುವ ದಿನಗಳಿಗಿಂತ, ಬಂದಿವೆ ಅಂತ ನೀವು ನಂಬಿರುವ ದಿನಗಳೇ ತಪ್ಪಿರುವ ಸಾಧ್ಯತೆ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಏನನ್ನೂ ಸರಿಮಾಡಲು ಹೋಗುವ ಮುಂಚೆ ಎಣಿಸಿಕೊಳ್ಳಿ. ಎಕ್ಸೆಲ್‌ನಲ್ಲಿ ಪ್ರತಿ ಕಾಲಂಗೂ ಕೌಂಟ್‌ಎ ಸೂತ್ರ ಹಾಕಿ, ಖಾಲಿ ಇಲ್ಲದ ಸೆಲ್ ಎಷ್ಟಿವೆ ಅಂತ ಬರೆದಿಡಿ. ಪಕ್ಕದಲ್ಲೇ ಕೌಂಟ್ ಸೂತ್ರವನ್ನೂ ಹಾಕಿ. ಅದು ಅಂಕಿ ಇರುವ ಸೆಲ್‌ಗಳನ್ನು ಮಾತ್ರ ಎಣಿಸುತ್ತದೆ. ಈ ಎರಡರ ವ್ಯತ್ಯಾಸವೇ ಆ ಕಾಲಂನಲ್ಲಿ ಅಕ್ಷರವಾಗಿ ಕುಳಿತಿರುವ ಸೆಲ್‌ಗಳ ಲೆಕ್ಕ. ಆಮೇಲೆ ಡೇಟಾಬೇಸಿನಲ್ಲಿ ಅದೇ ಕಾಲಂನ ಹೆಸರು ಕೊಟ್ಟು ಕೌಂಟ್ ಮಾಡಿ. ಎಸ್‌ಕ್ಯೂಎಲ್‌ನಲ್ಲಿ ಕೌಂಟ್ ಒಳಗೆ ನಕ್ಷತ್ರ ಹಾಕಿದರೆ ಎಲ್ಲ ಸಾಲೂ ಸೇರುತ್ತವೆ, ಕಾಲಂ ಹೆಸರು ಹಾಕಿದರೆ ನಲ್ ಬಿಟ್ಟು ಎಣಿಸುತ್ತದೆ. ಸದಸ್ಯರ ಸಂಖ್ಯೆಯ ಕಾಲಂನಲ್ಲಿ ಎಷ್ಟು ನಲ್ ಇವೆಯೋ, ಎಕ್ಸೆಲ್‌ನಲ್ಲಿ ಅಷ್ಟೇ ಅಕ್ಷರ ಸೆಲ್‌ಗಳು ಸಿಗುತ್ತವೆ ಅಂತ ನನ್ನ ಅಂದಾಜು. ಸಿಕ್ಕರೆ ಕಾರಣವೂ ಸಿಕ್ಕ ಹಾಗೆ.

ಆ ಕಾರಣ ಇದು. ಹಳೇ ಎಕ್ಸ್‌ಎಲ್‌ಎಸ್ ಫೈಲನ್ನು ಇಂಪೋರ್ಟ್ ವಿಝಾರ್ಡ್ ತಾನಾಗಿ ಓದುವುದಿಲ್ಲ. ಮೈಕ್ರೋಸಾಫ್ಟ್‌ನ ಜೆಟ್ ಅಥವಾ ಅದರ ನಂತರ ಬಂದ ಎಸಿಇ ಎಂಬ ಡ್ರೈವರ್‌ನಿಂದ ಓದಿಸುತ್ತದೆ. ಆಕ್ಸೆಸ್ ಡೇಟಾಬೇಸಿಗಾಗಿ ಮಾಡಿದ ಡ್ರೈವರ್ ಅದು. ಡೇಟಾಬೇಸಿನಲ್ಲಿ ಒಂದು ಕಾಲಂಗೆ ಒಂದೇ ಜಾತಿ: ಅಂಕಿ ಅಂದರೆ ಪೂರ್ತಿ ಅಂಕಿ, ಅಕ್ಷರ ಅಂದರೆ ಪೂರ್ತಿ ಅಕ್ಷರ. ಎಕ್ಸೆಲ್‌ನಲ್ಲಿ ಅಂಥ ಕಟ್ಟುಪಾಡು ಇಲ್ಲ, ಒಂದೊಂದು ಸೆಲ್ಲೂ ಸ್ವತಂತ್ರ. ಹಾಗಾಗಿ ಡ್ರೈವರ್ ಊಹೆ ಮಾಡುತ್ತದೆ. ಮೊದಲ 8 ಸಾಲು ನೋಡುತ್ತದೆ. ಅವುಗಳಲ್ಲಿ ಯಾವುದು ಜಾಸ್ತಿಯೋ ಅದೇ ಕಾಲಂನ ಜಾತಿ ಅಂತ ತೀರ್ಮಾನಿಸುತ್ತದೆ. ಸಮ ಬಂದರೆ ಅಂಕಿಗೇ ಗೆಲುವು. ಆಮೇಲೆ ಆ ಜಾತಿಗೆ ಸೇರದ ಸೆಲ್ ಬಂದರೆ ಎರರ್ ಕೊಡುವುದಿಲ್ಲ, ಸುಮ್ನೆ ನಲ್ ಹಾಕಿ ಮುಂದೆ ಹೋಗುತ್ತದೆ. ನಿಮಗೆ ಒಂದೂ ಎರರ್ ಬರದೇ ಇದ್ದದ್ದು ಇದಕ್ಕೇ.

ಹಾಲಿನ ಸಂಘದ ಪುಸ್ತಕದಲ್ಲಿ ಇದು ಹೇಗೆ ಆಗುತ್ತದೆ ನೋಡಿ. ಸದಸ್ಯರ ಸಂಖ್ಯೆ 1, 2, 3 ಅಂತ ಶುರುವಾಗುತ್ತದೆ. ಮೊದಲ 8 ಸಾಲೂ ಅಂಕಿಗಳೇ. ಆದರೆ ಮನೆ ಭಾಗವಾಗಿ ಅಣ್ಣತಮ್ಮಂದಿರು ಬೇರೆ ಬೇರೆಯಾಗಿ ಹಾಲು ಹಾಕಲು ಶುರುಮಾಡಿದಾಗ ಎಷ್ಟೋ ಕಡೆ ಹೊಸ ಸಂಖ್ಯೆ ಕೊಡದೆ ‘45ಎ’, ‘45/2’ ಅಂತ ಬರೆದಿರುತ್ತಾರೆ. ಮನುಷ್ಯರಿಗೆ ಇದು ಅರ್ಥವಾಗುತ್ತದೆ. ಡ್ರೈವರ್‌ಗೆ 45 ಅಂಕಿ, 45ಎ ಅಕ್ಷರ. ಅಂಕಿ ಉಳಿಯುತ್ತದೆ, ಅಕ್ಷರ ಹೋಗುತ್ತದೆ. ಅಂದರೆ ನಿಮ್ಮ ಡೇಟಾದಲ್ಲಿ ಕಾಣೆಯಾದವರು ಯಾರೋ ಹತ್ತು ಜನ ಅಲ್ಲ, ಪಾಲಾದ ಮನೆಗಳವರು. ಹಿಡುವಳಿ ಅಥವಾ ಕುಟುಂಬದ ಬಗ್ಗೆ ನಿಮ್ಮ ಅಧ್ಯಯನ ಇದ್ದರೆ, ನಲ್ ಇರುವ ಸಾಲುಗಳನ್ನು ಅಳಿಸಿ ಮುಂದುವರಿದಿದ್ದರೆ ಫಲಿತಾಂಶವೇ ಒಂದು ಕಡೆ ವಾಲುತ್ತಿತ್ತು.

ಫ್ಯಾಟ್ ಕಾಲಂ ಕೂಡ ಒಮ್ಮೆ ನೋಡಿ. 3.8, 4.1 ಅಂತ ಹೋಗುತ್ತಾ ಇದ್ದು, ನಡುವೆ ಎಲ್ಲೋ ‘ಒಡೆದಿದೆ’ ಅಥವಾ ‘ವಾಪಸ್’ ಅಂತ ಬರೆದಿದ್ದರೆ ಅದೂ ನಲ್ ಆಗಿರುತ್ತದೆ. ಆ ದಿನ ಹಾಲು ಹಾಕಿಲ್ಲ ಎಂಬ ಖಾಲಿಯೂ, ಹಾಕಿದ ಹಾಲು ತಿರಸ್ಕಾರವಾಯಿತು ಎಂಬ ಮಾಹಿತಿಯೂ ಡೇಟಾಬೇಸಿನಲ್ಲಿ ಒಂದೇ ಥರ ಕಾಣುತ್ತವೆ. ಇವೆರಡನ್ನೂ ಬೇರೆ ಮಾಡದೆ ಸರಾಸರಿ ತೆಗೆಯಬೇಡಿ.

ಇದಕ್ಕೆ ಹುಡುಕಿದರೆ ಸಾಮಾನ್ಯವಾಗಿ ಸಿಗುವ ಪರಿಹಾರ ‘ಕನೆಕ್ಷನ್ ಸ್ಟ್ರಿಂಗ್‌ನಲ್ಲಿ ಐಎಂಇಎಕ್ಸ್ = 1 ಹಾಕಿ’ ಅನ್ನುವುದು (ಕನೆಕ್ಷನ್ ಸ್ಟ್ರಿಂಗ್ ಅಂದರೆ ಫೈಲನ್ನು ಹೇಗೆ ತೆರೆಯಬೇಕು ಅಂತ ಡ್ರೈವರ್‌ಗೆ ಕೊಡುವ ಸಾಲು). ಅರ್ಧ ನಿಜ. ಬೆರಕೆ ಕಾಲಂ ಸಿಕ್ಕರೆ ಅದನ್ನು ಪೂರ್ತಿ ಅಕ್ಷರವಾಗಿ ತಗೋ ಅಂತ ಡ್ರೈವರ್‌ಗೆ ಹೇಳುವ ಸೂಚನೆ ಅದು. ಆದರೆ ಬೆರಕೆ ಇದೆಯೋ ಇಲ್ಲವೋ ಅಂತ ಡ್ರೈವರ್ ನೋಡುವುದು ಅದೇ ಮೊದಲ 8 ಸಾಲಿನಲ್ಲಿ! ನಿಮ್ಮ ‘45ಎ’ ಬರುವುದು ಅದಕ್ಕಿಂತ ಎಷ್ಟೋ ಕೆಳಗೆ. ಹಾಗಾಗಿ ಈ ಸೂಚನೆ ಇದ್ದರೂ ಕಾಲಂ ಅಂಕಿಯಾಗೇ ಉಳಿಯುತ್ತದೆ, ನಲ್ ನಲ್ ಆಗೇ ಬರುತ್ತದೆ. ಕೆಲವರಿಗೆ ಇದು ಕೆಲಸ ಮಾಡಿ ಕೆಲವರಿಗೆ ಮಾಡದೇ ಇರುವುದರ ಗುಟ್ಟು ಇಷ್ಟೇ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಟೈಪ್‌ಗೆಸ್‌ರೋಸ್ ಅನ್ನುವ ಅಂಕಿ 8 ಅಂತ ಇರುತ್ತದೆ. ಅದನ್ನು 0 ಮಾಡಿದರೆ ಡ್ರೈವರ್ 16,384 ಸಾಲು ನೋಡುತ್ತದೆ. ಆದರೆ ಅದು ಇಡೀ ಕಂಪ್ಯೂಟರಿನ ಸೆಟ್ಟಿಂಗ್. ಕಾಲೇಜಿನ ಲ್ಯಾಬಿನಲ್ಲಿ ಯಾರೂ ಮುಟ್ಟಲು ಬಿಡುವುದಿಲ್ಲ, ಬಿಡಬಾರದು ಕೂಡ.

ಸಣ್ಣ ಉಪಾಯ ಒಂದಿದೆ. ಮೊದಲ ಸಾಲು ಕಾಲಂಗಳ ಹೆಸರು ಅಂತ ಹೇಳುವ ಎಚ್‌ಡಿಆರ್ ಅನ್ನು ‘ನೋ’ ಮಾಡಿ, ಜೊತೆಗೆ ಐಎಂಇಎಕ್ಸ್ = 1 ಇಡಿ. ಆಗ ‘ಸದಸ್ಯರ ಸಂಖ್ಯೆ’ ಅನ್ನುವ ಹೆಸರೇ ಡೇಟಾ ಸಾಲಾಗಿ 8ರೊಳಗೆ ಬರುತ್ತದೆ. ಅದು ಅಕ್ಷರ, ಕೆಳಗಿನವು ಅಂಕಿ. ಬೆರಕೆ ಆಯಿತು, ಡ್ರೈವರ್ ಪೂರ್ತಿ ಅಕ್ಷರವಾಗಿ ತರುತ್ತದೆ. ಆಮೇಲೆ ಆ ಒಂದು ಸಾಲು ಅಳಿಸಿದರೆ ಮುಗಿಯಿತು. ಸ್ವಂತ ಕೋಡ್ ಬರೆಯುವವರಿಗೆ, ಡೇಟಾ ಸಾಗಿಸುವ ಎಸ್‌ಎಸ್‌ಐಎಸ್ ಎಂಬ ಮೈಕ್ರೋಸಾಫ್ಟ್ ಸಾಧನ ಬಳಸುವವರಿಗೆ ಇದು ಒದಗುತ್ತದೆ. ಒಂದು ಎಚ್ಚರಿಕೆ: ಹೀಗೆ ತಂದಾಗ ಬ್ಯಾಂಕ್ ಖಾತೆ ಸಂಖ್ಯೆಯಂಥ ಉದ್ದದ ಅಂಕಿಗಳು ಘಾತರೂಪದಲ್ಲಿ ಬಂದು ಕೊನೆಯ ಅಂಕಿಗಳು ಹಾಳಾಗಬಹುದು. ಎಕ್ಸೆಲ್ ಕೂಡ 15 ಅಂಕಿಗಿಂತ ಹೆಚ್ಚು ಇಟ್ಟುಕೊಳ್ಳುವುದಿಲ್ಲ. ಅಂಕಿಯಾಗಿ ಟೈಪ್ ಮಾಡಿದ 16 ಅಂಕಿಯ ಸಂಖ್ಯೆಯ ಕೊನೆಯದು ಅಲ್ಲೇ ಸೊನ್ನೆಯಾಗಿರುತ್ತದೆ. ಅದನ್ನು ಯಾವ ಇಂಪೋರ್ಟ್ ಕೂಡ ವಾಪಸ್ ತರಲಾರದು.

ನಾನಾದರೆ ಡ್ರೈವರ್ ಜೊತೆ ಹೋರಾಡುವುದಿಲ್ಲ. ಅದನ್ನು ದಾಟಿಹೋಗುತ್ತೇನೆ. ಫೈಲನ್ನು ಎಕ್ಸೆಲ್‌ನಲ್ಲೇ ತೆರೆದು, ಸೇವ್ ಆ್ಯಸ್ ಕೊಟ್ಟು, ಹೊಸ ಎಕ್ಸ್‌ಎಲ್‌ಎಸ್‌ಎಕ್ಸ್ ರೂಪದಲ್ಲಿ ಉಳಿಸಿ. ಹೆಸರಿನ ಬಾಲಕ್ಕೆ ಒಂದು ‘ಎಕ್ಸ್’ ಸೇರಿಸಿದರೆ ಆಗುವುದಿಲ್ಲ, ನಿಜವಾಗಿ ಸೇವ್ ಆ್ಯಸ್ ಮಾಡಬೇಕು. ನೂರಾರು ಫೈಲು ಇದ್ದರೆ ಲಿಬ್ರೆಆಫೀಸ್‌ನ ಹೆಡ್‌ಲೆಸ್ (ಕಿಟಕಿ ತೆರೆಯದೆ ನಡೆಯುವ) ಪರಿವರ್ತನೆ ಒಂದೇ ಆಜ್ಞೆಯಲ್ಲಿ ಇಡೀ ಫೋಲ್ಡರ್ ಬದಲಾಯಿಸುತ್ತದೆ. ಹೊಸ ಫೈಲನ್ನು ಇಂಪೋರ್ಟ್ ವಿಝಾರ್ಡ್‌ಗೆ ಕೊಡಬೇಡಿ. ಅದು ಎಕ್ಸ್‌ಎಲ್‌ಎಸ್‌ಎಕ್ಸ್ ಅನ್ನೂ ಅದೇ ಎಸಿಇಯಿಂದ ಓದಿಸಿ ಅದೇ ಕಥೆ ಮಾಡುತ್ತದೆ. ನೇರವಾಗಿ ಪವರ್ ಬಿಐಗೆ ಕೊಡಿ. ಎಕ್ಸ್‌ಎಲ್‌ಎಸ್‌ಗೆ ಪವರ್ ಬಿಐ ಕೂಡ ಎಸಿಇಯನ್ನೇ ನೆಚ್ಚಿಕೊಂಡಿದೆ, ಹೊಸ ಫೈಲಿಗೆ ಅದಕ್ಕೆ ತನ್ನದೇ ಓದುವ ವ್ಯವಸ್ಥೆ ಇದೆ.

ಅಲ್ಲೂ ಒಂದು ಊಹೆ ಕಾದಿರುತ್ತದೆ, ಆದರೆ ಅದು ಕಣ್ಣಿಗೆ ಕಾಣುವ ಊಹೆ. ಪವರ್ ಬಿಐನಲ್ಲಿ ಡೇಟಾ ತಂದು ತಿದ್ದುವ ಭಾಗವಾದ ಪವರ್ ಕ್ವೆರಿ, ಫೈಲು ತಂದ ಕೂಡಲೇ ಬಲಗಡೆಯ ಪಟ್ಟಿಯಲ್ಲಿ ‘ಚೇಂಜ್ಡ್ ಟೈಪ್’ ಅಂತ ಒಂದು ಹೆಜ್ಜೆ ತಾನೇ ಸೇರಿಸುತ್ತದೆ. ಮೊದಲ 200 ಸಾಲು ನೋಡಿ ಕಾಲಂಗಳ ಜಾತಿ ಇಟ್ಟಿರುತ್ತದೆ. ಆ ಹೆಜ್ಜೆಯನ್ನು ಅಳಿಸಿ. ಎಲ್ಲ ಕಾಲಂಗಳನ್ನೂ ಟೆಕ್ಸ್ಟ್ ಮಾಡಿ. ಎಣಿಕೆ ಎಕ್ಸೆಲ್ ಜೊತೆ ತಾಳೆಯಾದ ಮೇಲೆ ಒಂದೊಂದಾಗಿ ಜಾತಿ ಬದಲಾಯಿಸಿ: ಲೀಟರ್, ಫ್ಯಾಟ್, ಮೊತ್ತ ಅಂಕಿ, ಸದಸ್ಯರ ಸಂಖ್ಯೆ ಎಂದೆಂದಿಗೂ ಟೆಕ್ಸ್ಟ್. ಅದನ್ನು ಕೂಡಿಸುವುದೂ ಇಲ್ಲ, ಗುಣಿಸುವುದೂ ಇಲ್ಲ, ಮತ್ತೆ ಅಂಕಿ ಯಾಕೆ ಅಲ್ವಾ? ಇಲ್ಲಿ ಹೊಂದದ ಸೆಲ್ ಬಂದರೆ ಪವರ್ ಕ್ವೆರಿ ‘ಎರರ್’ ಅಂತಲೇ ತೋರಿಸುತ್ತದೆ. ಅದು ನಮಗೆ ಅನುಕೂಲ. ‘ಕೀಪ್ ಎರರ್ಸ್’ ಒತ್ತಿದರೆ ಆ ಸಾಲುಗಳು ಮಾತ್ರ ಉಳಿಯುತ್ತವೆ, ಯಾವುದರಲ್ಲಿ ‘ಒಡೆದಿದೆ’ ಇದೆ, ಯಾವುದರಲ್ಲಿ ‘--’ ಇದೆ ಅಂತ ಒಂದೊಂದಾಗಿ ನೋಡಬಹುದು. ನೋಡದೆ ಲೋಡ್ ಮಾಡಿಬಿಟ್ಟರೆ ಮಾತ್ರ ಎರರ್‌ಗಳೆಲ್ಲ ಮಾಡೆಲ್ ಒಳಗೆ ಮತ್ತೆ ಖಾಲಿಯಾಗಿಬಿಡುತ್ತವೆ.

ಅಷ್ಟರಲ್ಲಿ ಪವರ್ ಕ್ವೆರಿಯ ‘ಕಾಲಂ ಕ್ವಾಲಿಟಿ’ ನೋಡಿ ಮೋಸಹೋಗಬೇಡಿ. ಖಾಲಿ 0%, ಎರರ್ 0% ಅಂತ ಹಸಿರು ಗೆರೆ ತೋರಿಸುತ್ತಿರುತ್ತದೆ. ಅದು ಮೊದಲ 1,000 ಸಾಲಿನ ಲೆಕ್ಕ ಮಾತ್ರ. ಕೆಳಗಿನ ಸ್ಟೇಟಸ್ ಪಟ್ಟಿಯಲ್ಲಿ ಹಾಗಂತ ಬರೆದೂ ಇರುತ್ತದೆ. ಅದರ ಮೇಲೆ ಕ್ಲಿಕ್ ಮಾಡಿ ಇಡೀ ಡೇಟಾಗೆ ಬದಲಾಯಿಸಿದರೆ ಆಗ ನಿಜವಾದ ಅಂಕಿ ಬರುತ್ತದೆ.

ಈಗ ತಾರೀಖು. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

‘ಮೊದಲ ಕೆಲವು ದಿನ’ ಅಂದಿರಲ್ಲ, ಅದು 1ರಿಂದ 12ರವರೆಗೆ ಇರಬೇಕು. 13ರಿಂದ 31 ಖಾಲಿ ಇರಬೇಕು. ಹಾಗಿದ್ದರೆ ಸಂಘದ ಕಂಪ್ಯೂಟರಿನಲ್ಲಿ ವಿಂಡೋಸ್ ಅಮೆರಿಕದ ರೂಢಿಯಲ್ಲಿ, ಅಂದರೆ ತಿಂಗಳು ಮೊದಲು ದಿನ ಆಮೇಲೆ ಅಂತ ಇತ್ತು. ಟೈಪ್ ಮಾಡಿದವರು ನಮ್ಮ ರೂಢಿಯಂತೆ 01/04/2006 ಅಂತ ಹೊಡೆದಿದ್ದಾರೆ. ಅವರ ಮನಸ್ಸಿನಲ್ಲಿ ಅದು ಏಪ್ರಿಲ್ 1. ಎಕ್ಸೆಲ್ ಅದನ್ನು ಜನವರಿ 4 ಅಂತ ಇಟ್ಟುಕೊಂಡಿದೆ. ಮರುದಿನ 02/04/2006, ಅದು ಫೆಬ್ರವರಿ 4 ಆಯಿತು. ಹೀಗೆ 12ನೇ ತಾರೀಖು ಡಿಸೆಂಬರ್ 4 ಆಯಿತು. 13/04/2006 ಬಂದಾಗ 13ನೇ ತಿಂಗಳು ಅಂತ ಇಲ್ಲವಲ್ಲ, ಎಕ್ಸೆಲ್ ಇದು ತಾರೀಖೇ ಅಲ್ಲ ಅಂತ ಸುಮ್ನೆ ಅಕ್ಷರವಾಗಿ ಬಿಟ್ಟಿತು. ಪರದೆಯ ಮೇಲೆ ಎರಡೂ ಹೆಚ್ಚುಕಮ್ಮಿ ಒಂದೇ ಥರ ಕಾಣುತ್ತವೆ. ಟೈಪ್ ಮಾಡಿದವರಿಗೆ ಗೊತ್ತಾಗುವುದೇ ಇಲ್ಲ. ಆಮೇಲೆ ಡ್ರೈವರ್ ಬಂದು ಮೊದಲ 8 ಸಾಲು ನೋಡಿತು, ಎಲ್ಲ ತಾರೀಖು. ಅಕ್ಷರವಾಗಿದ್ದ 13ರಿಂದ 31ನ್ನು ನಲ್ ಮಾಡಿತು.

ಹಾಗಾಗಿ ಕಾಣೆಯಾದವೇ ಸರಿ ಇದ್ದವು, ಉಳಿದವು ತಪ್ಪು. ‘13/04/2006’ ಅನ್ನುವ ಅಕ್ಷರ ಸೆಲ್ಲಿನಲ್ಲಿ ಟೈಪ್ ಮಾಡಿದ್ದು ಹಾಗೇ ಇದೆ. ಡೇಟಾಬೇಸಿಗೆ ಬಂದವುಗಳಲ್ಲಿ ದಿನವೂ ತಿಂಗಳೂ ಒಂದೇ ಆಗಿರುವ ಏಪ್ರಿಲ್ 4, ಮೇ 5ರಂಥ ದಿನಗಳನ್ನು ಬಿಟ್ಟರೆ ಉಳಿದದ್ದೆಲ್ಲ ಅದಲುಬದಲು. ನೀವು ಖಾಲಿ ಸಾಲುಗಳನ್ನು ಬಿಟ್ಟು ತಿಂಗಳವಾರು ಗ್ರಾಫ್ ಮಾಡಿದ್ದರೆ, ಏಪ್ರಿಲ್‌ನ ಹಾಲು ವರ್ಷದ ಹನ್ನೆರಡೂ ತಿಂಗಳಿಗೆ ಹಂಚಿಹೋಗಿರುತ್ತದೆ. ಬೇಸಿಗೆಯಲ್ಲಿ ಹಾಲು ಇಳಿಯುವುದು, ಮಳೆ ಬಿದ್ದು ಹಸಿಮೇವು ಬಂದ ಮೇಲೆ ಏರುವುದು ಯಾವುದೂ ಕಾಣದೆ ಗೆರೆ ಚಪ್ಪಟೆಯಾಗಿ ಹೋಗುತ್ತದೆ. ಋತುವೇ ಇಲ್ಲದ ಹಾಲಿನ ಗ್ರಾಫ್ ಬಂದರೆ ಮೊದಲು ತಾರೀಖಿನ ಮೇಲೆ ಅನುಮಾನ ಪಡಿ.

ಪರೀಕ್ಷೆ ಮಾಡುವುದು ಕಷ್ಟವಲ್ಲ. ಮೂಲ ಫೈಲಿನಲ್ಲಿ ತಾರೀಖಿನ ಕಾಲಂ ಆಯ್ದುಕೊಂಡು ಅಲೈನ್‌ಮೆಂಟ್ ತೆಗೆದುಹಾಕಿ. ನಿಜವಾದ ತಾರೀಖು ಬಲಕ್ಕೆ ಹೋಗುತ್ತದೆ, ಅಕ್ಷರ ಎಡಕ್ಕೆ ನಿಲ್ಲುತ್ತದೆ. ಆಮೇಲೆ ಫಾರ್ಮ್ಯಾಟ್ ಬದಲಿಸಿ ತಿಂಗಳನ್ನು ಹೆಸರಿನಲ್ಲಿ ತೋರಿಸುವಂತೆ ಮಾಡಿ. ಮೇಲಿಂದ ಕೆಳಗೆ ಓದುತ್ತಾ ಹೋದಾಗ 4 ಜನವರಿ, 4 ಫೆಬ್ರವರಿ, 4 ಮಾರ್ಚ್ ಅಂತ ತಿಂಗಳು ಹಾರುತ್ತಾ ಹೋದರೆ ರೋಗ ಇದೇ. 1 ಏಪ್ರಿಲ್, 2 ಏಪ್ರಿಲ್ ಅಂತ ಬಂದರೆ ಆ ಫೈಲು ಸರಿ ಇದೆ, ಮುಟ್ಟಬೇಡಿ. ಒಂದೊಂದು ಸಂಘದ ಕಂಪ್ಯೂಟರೂ ಬೇರೆ. ಒಂದೇ ಸಂಘದಲ್ಲೂ ಕಂಪ್ಯೂಟರ್ ಬದಲಾದ ವರ್ಷ ಸೆಟ್ಟಿಂಗ್ ಬದಲಾಗಿರಬಹುದು. ಆದ್ದರಿಂದ ಫೈಲು ಫೈಲಿಗೂ ಈ ಪರೀಕ್ಷೆ ಮಾಡಿ, ಎಲ್ಲಕ್ಕೂ ಒಂದೇ ಸಲ ಸೂತ್ರ ಹೊಡೆಯಬೇಡಿ.

ರೋಗ ಇರುವ ಫೈಲಿಗೆ ಹೊಸ ಕಾಲಂ ಒಂದನ್ನು ಸೇರಿಸಿ. ಈಸ್‌ನಂಬರ್ ಸೂತ್ರದಿಂದ ಸೆಲ್ ತಾರೀಖೋ ಅಕ್ಷರವೋ ನೋಡಿ. ತಾರೀಖಾಗಿದ್ದರೆ ಡೇಟ್ ಸೂತ್ರಕ್ಕೆ ವರ್ಷ ಕೊಟ್ಟು, ತಿಂಗಳಿನ ಜಾಗಕ್ಕೆ ಅದರ ದಿನವನ್ನೂ ದಿನದ ಜಾಗಕ್ಕೆ ಅದರ ತಿಂಗಳನ್ನೂ ಕೊಡಿ. ಅಕ್ಷರವಾಗಿದ್ದರೆ ಎಡಗಡೆಯ ಎರಡು ಅಕ್ಷರ ದಿನ, ನಡುವಿನ ಎರಡು ತಿಂಗಳು, ಬಲಗಡೆಯ ನಾಲ್ಕು ವರ್ಷ ಅಂತ ಬಿಡಿಸಿ ಅದೇ ಸೂತ್ರಕ್ಕೆ ಹಾಕಿ. ಕೆಲವರು 1/4/06 ಅಂತ ಚಿಕ್ಕದಾಗಿ ಹೊಡೆದಿರುತ್ತಾರೆ, ಅಲ್ಲಿ ಎಡಗಡೆಯ ಎರಡು ಅಕ್ಷರ ನೆಚ್ಚಲಾಗದು. ಗೆರೆ ಎಲ್ಲಿದೆ ನೋಡಿ ಒಡೆಯಬೇಕು. ಹಳೇ ಕಾಲಂ ಅಳಿಸಬೇಡಿ. ಹೊಸ ಕಾಲಂ ಮೇಲಿಂದ ಕೆಳಗೆ ದಿನ ದಿನಕ್ಕೂ ಕ್ರಮವಾಗಿ ಏರಿದರೆ ಸರಿಯಾಗಿದೆ ಅಂತ ಲೆಕ್ಕ. ಹಾಲಿನ ಲೆಕ್ಕ ದಿನ ತಪ್ಪದೆ ಬರೆಯುವಂಥದ್ದು, ಆ ಕ್ರಮವೇ ನಿಮಗೆ ಸಾಕ್ಷಿ.

ಅಕ್ಷರವಾಗಿಯೇ ಉಳಿದ ತಾರೀಖನ್ನು ಪವರ್ ಕ್ವೆರಿಯಲ್ಲಿ ಬದಲಾಯಿಸುವುದಾದರೆ ‘ಯೂಸಿಂಗ್ ಲೊಕೇಲ್’ ಆಯ್ಕೆ ತೆಗೆದುಕೊಂಡು ಇಂಗ್ಲಿಷ್ (ಇಂಡಿಯಾ) ಕೊಡಿ. ಸುಮ್ನೆ ‘ಡೇಟ್’ ಅಂತ ಒತ್ತಿದರೆ ನಿಮ್ಮ ಕಂಪ್ಯೂಟರಿನ ಸೆಟ್ಟಿಂಗ್ ಯಾವುದೋ ಅದರ ಪ್ರಕಾರ ಓದುತ್ತದೆ, ಇದೇ ನಾಟಕ ಮತ್ತೊಮ್ಮೆ ನಡೆಯುತ್ತದೆ. ಇನ್ನು ಎಲ್ಲ ತಾರೀಖೂ ಸರಿಯಾಗಿ 1,462 ದಿನ, ಅಂದರೆ ನಾಲ್ಕು ವರ್ಷ ಒಂದು ದಿನ ಹಿಂದೆಮುಂದೆ ಆಗಿದ್ದರೆ ಅದು ಬೇರೆ. ಹಳೇ ಮ್ಯಾಕ್ ಎಕ್ಸೆಲ್ 1904ರಿಂದ ದಿನ ಎಣಿಸುತ್ತಿತ್ತು, ವಿಂಡೋಸ್ ಎಕ್ಸೆಲ್ 1900ರಿಂದ. ಸಂಘದಲ್ಲಿ ಮ್ಯಾಕ್ ಇದ್ದಿರಲಾರದು ಬಿಡಿ.

ಊರಿನ ಹೆಸರಿನದು ಮರ್ಜ್ ಮಾಡಿದ ಸೆಲ್. ಕಾಗದದ ಮೇಲೆ ಚೆನ್ನಾಗಿ ಕಾಣಲಿ ಅಂತ ಮಾಡಿರುತ್ತಾರೆ. ಮರ್ಜ್ ಆದ ಜಾಗದಲ್ಲಿ ಮೇಲಿನ ಎಡ ಮೂಲೆಯ ಸೆಲ್ಲಿನಲ್ಲಿ ಮಾತ್ರ ಹೆಸರಿರುತ್ತದೆ, ಉಳಿದವು ನಿಜವಾಗಿಯೂ ಖಾಲಿ. ಪವರ್ ಕ್ವೆರಿಯಲ್ಲಿ ಆ ಕಾಲಂ ಆಯ್ದು ‘ಫಿಲ್ ಡೌನ್’ ಒತ್ತಿದರೆ ಆಯಿತು. ಆದರೆ ಆಯ್ದುಕೊಳ್ಳುವಾಗ ಊರು, ಪಾಳಿ ಇಂಥ ಕಾಲಂಗಳು ಮಾತ್ರ ಇರಲಿ. ಲೀಟರ್ ಅಥವಾ ಫ್ಯಾಟ್ ಕಾಲಂ ಜೊತೆ ಸೇರಿಬಿಟ್ಟರೆ ಹಾಲೇ ಹಾಕದವರ ಹೆಸರಿಗೆ ಮೇಲಿನವರ ಹಾಲು ಬಂದು ಕೂರುತ್ತದೆ.

ನೀವು ಕೇಳಿಲ್ಲ, ಆದರೂ ಒಂದು ನೋಡಲೇಬೇಕು. ಹಳೇ ಎಕ್ಸ್‌ಎಲ್‌ಎಸ್ ಶೀಟಿನಲ್ಲಿ 65,536 ಸಾಲಿಗಿಂತ ಜಾಸ್ತಿ ಹಿಡಿಯುವುದಿಲ್ಲ. ಕಾಲಂ 256. ಎಕ್ಸೆಲ್ 2007ರಲ್ಲಿ ಬಂದ ಹೊಸ ರೂಪದಲ್ಲಿ 10,48,576 ಸಾಲು. ನಿಮ್ಮ ಡೇಟಾಗೆ ಇದು ಹೇಗೆ ತಗಲುತ್ತದೆ ಲೆಕ್ಕ ಹಾಕೋಣ. ಒಂದು ಸಂಘದಲ್ಲಿ 180 ಜನ ಹಾಲು ಹಾಕುತ್ತಾರೆ, ದಿನಕ್ಕೆ ಬೆಳಗ್ಗೆ ಸಂಜೆ ಎರಡು ಪಾಳಿ ಅಂದುಕೊಳ್ಳಿ. ದಿನಕ್ಕೆ 360 ಸಾಲು. ಮೊದಲ ಸಾಲು ಕಾಲಂ ಹೆಸರಿಗೆ ಹೋದರೆ ಉಳಿದದ್ದು 65,535. ಅದು 182 ದಿನಕ್ಕೆ ಮುಗಿಯುತ್ತದೆ, ಮೇಲೆ 15 ಸಾಲು ಉಳಿಯುತ್ತದೆ. ಏಪ್ರಿಲ್ 1ಕ್ಕೆ ಶುರುವಾದ ಶೀಟ್ ಸೆಪ್ಟೆಂಬರ್ 30ರ ಬೆಳಗ್ಗೆ 15ನೇ ಸದಸ್ಯರ ಹತ್ತಿರ ನಿಂತುಬಿಡುತ್ತದೆ. ನೋಡಿದವರಿಗೆ ‘ಓಹೋ, ಇದು ಅರ್ಧ ವರ್ಷದ ಫೈಲು’ ಅನಿಸುತ್ತದೆ. ಅರ್ಧ ವರ್ಷದ ಫೈಲು ಆಗಿರಲಿಕ್ಕಿಲ್ಲ. ಸಂಘದ ಸಾಫ್ಟ್‌ವೇರ್ ಇಡೀ ವರ್ಷ ಕೊಡಲು ಹೋಗಿ ಜಾಗ ಸಾಲದೆ ನಿಂತಿರಬಹುದು.

ಇದು ಕಾಲ್ಪನಿಕ ಭಯ ಅಲ್ಲ. 2020ರಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯಲ್ಲಿ ಇದೇ ಆಯಿತು. ಪ್ರಯೋಗಾಲಯಗಳು ಕೋವಿಡ್ ಫಲಿತಾಂಶಗಳನ್ನು ಸಿಎಸ್‌ವಿ ಫೈಲಿನಲ್ಲಿ ಕಳಿಸುತ್ತಿದ್ದವು. ಅವನ್ನು ಹಳೇ ಎಕ್ಸ್‌ಎಲ್‌ಎಸ್ ಟೆಂಪ್ಲೇಟಿಗೆ ಎಳೆದುಕೊಳ್ಳುತ್ತಿದ್ದರು. ಸಾಲು ತುಂಬಿದ ಮೇಲೆ ಬಂದದ್ದೆಲ್ಲ ಸದ್ದಿಲ್ಲದೆ ಬಿದ್ದುಹೋಯಿತು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗೆ 15,841 ಸೋಂಕಿತರು ದಿನದ ಲೆಕ್ಕದಿಂದ ಬಿಟ್ಟುಹೋದರು, ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವುದೂ ತಡವಾಯಿತು.

ಆದ್ದರಿಂದ ಪ್ರತಿ ಫೈಲಿನಲ್ಲೂ ಕಂಟ್ರೋಲ್ ಹಿಡಿದು ಎಂಡ್ ಒತ್ತಿ, ಕೊನೆಯ ಸಾಲಿನ ಸಂಖ್ಯೆ ನೋಡಿ. ಸರಿಯಾಗಿ 65,536 ಇದ್ದರೆ ಅದು ಕಾಕತಾಳೀಯ ಅಲ್ಲ. ಎರಡನೇ ಶೀಟಿನಲ್ಲಿ ಮುಂದುವರಿದಿದೆಯಾ, ಅಡಗಿಸಿದ ಶೀಟ್ ಇದೆಯಾ ಅಂತ ಹುಡುಕಿ. ಇಂಪೋರ್ಟ್ ವಿಝಾರ್ಡ್‌ನಲ್ಲಿ ಎಲ್ಲರೂ ಮೊದಲ ಶೀಟಿಗೆ ಟಿಕ್ ಹಾಕಿ ಮುಂದೆ ಹೋಗುತ್ತಾರೆ.

ಇನ್ನು ಹೆಸರುಗಳು. 2004ರ ಫೈಲು ಅಂದರೆ ರೈತರ ಹೆಸರು ನುಡಿ ಅಥವಾ ಬರಹದ ಹಳೇ ಫಾಂಟಿನಲ್ಲಿ ಇರುವ ಸಾಧ್ಯತೆ ಜಾಸ್ತಿ. ಎಕ್ಸೆಲ್‌ನಲ್ಲಿ ಕನ್ನಡವಾಗಿ ಕಾಣುತ್ತದೆ, ಪವರ್ ಬಿಐನಲ್ಲಿ ಟೋಪಿ ಹಾಕಿದ ಇಂಗ್ಲಿಷ್ ಅಕ್ಷರಗಳ ಗೊಂಚಲು ಬರುತ್ತದೆ. ಇದು ಇಂಪೋರ್ಟ್ ತಪ್ಪಲ್ಲ. ಫೈಲಿನ ಒಳಗೆ ಇರುವುದೇ ಆ ಅಕ್ಷರಗಳು, ಕನ್ನಡದ ರೂಪ ಕೊಡುತ್ತಿದ್ದದ್ದು ಫಾಂಟ್ ಮಾತ್ರ. ಎನ್‌ಕೋಡಿಂಗ್ ಬದಲಾಯಿಸುತ್ತಾ ಕೂತರೆ ಉಪಯೋಗ ಇಲ್ಲ. ಹೆಸರಿನ ಕಾಲಂ ಮಾತ್ರ ಬೇರೆ ಫೈಲಿಗೆ ತೆಗೆದು, ನುಡಿ ಅಥವಾ ಬರಹದ ಯುನಿಕೋಡ್ ಪರಿವರ್ತಕದಿಂದ ಬದಲಾಯಿಸಿ, ಸಾಲಿನ ಸಂಖ್ಯೆ ಹಿಡಿದು ವಾಪಸ್ ಜೋಡಿಸಿ. ಅರ್ಕಾವೊತ್ತು ಇರುವ ಹೆಸರುಗಳನ್ನು ಒಮ್ಮೆ ಕಣ್ಣಲ್ಲಿ ನೋಡಿ, ಎಡವುವುದು ಅಲ್ಲೇ. ಒಂದು ಫೈಲು ಹಳೇ ಫಾಂಟಿನಲ್ಲಿ, ಇನ್ನೊಂದು ಯುನಿಕೋಡಿನಲ್ಲಿ ಇದ್ದರೆ ಒಬ್ಬರೇ ರೈತರು ಎರಡು ಬೇರೆ ಹೆಸರಾಗಿ ಕಾಣುತ್ತಾರೆ. ಎರಡು ಟೇಬಲ್ ಜೋಡಿಸಿದಾಗ ಪವರ್ ಬಿಐ ‘ಬ್ಲ್ಯಾಂಕ್’ ಅಂತ ಒಂದು ಸಾಲು ತೋರಿಸುತ್ತದಲ್ಲ, ಅದರ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ. ಇಲ್ಲವಾದರೆ ಹೆಸರಿನ ಹಿಂದೆ ಒತ್ತಿದ ಒಂದು ಸ್ಪೇಸ್. ಅದಕ್ಕೆ ಟ್ರಿಮ್ ಸಾಕು. ಲೀಟರ್, ಮೊತ್ತದ ಕಾಲಂನಲ್ಲಿ ಯಾರಾದರೂ ಕನ್ನಡ ಅಂಕಿ ಬಳಸಿದ್ದರೆ ಎಕ್ಸೆಲ್‌ಗೆ ಅದೂ ಅಕ್ಷರವೇ. ತಮಾಷೆ ಅಂದರೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ‘೧೨’ ಅನ್ನು ಕೊಟ್ಟರೆ ಹನ್ನೆರಡು ಅಂತ ಸರಿಯಾಗಿಯೇ ಓದುತ್ತದೆ.

ಷರಾ ಕಾಲಂನಲ್ಲಿ ಉದ್ದದ ಟಿಪ್ಪಣಿ ಇದ್ದರೆ 255 ಅಕ್ಷರಕ್ಕೆ ಕತ್ತರಿಸಿಹೋಗಿದೆಯಾ ನೋಡಿ. ಅದೂ ಆ 8 ಸಾಲಿನ ಊಹೆಯದೇ ಕೆಲಸ.

ಯಾವುದಾದರೂ ಫೈಲು ತೆರೆಯುವಾಗ ‘ಫೈಲಿನ ರೂಪವೂ ಹೆಸರೂ ಹೊಂದುತ್ತಿಲ್ಲ’ ಅಂತ ಎಕ್ಸೆಲ್ ಎಚ್ಚರಿಸಿದರೆ, ಅದು ಬಹುಶಃ ಎಕ್ಸೆಲ್ ಫೈಲೇ ಅಲ್ಲ. ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಓದಲು ಬರುವ ಎಚ್‌ಟಿಎಂಎಲ್ ಟ್ಯಾಗ್‌ಗಳು ಕಂಡರೆ ಯಾವುದೋ ಸಾಫ್ಟ್‌ವೇರ್ ವೆಬ್ ಪುಟದ ಟೇಬಲ್ಲಿಗೆ ಎಕ್ಸ್‌ಎಲ್‌ಎಸ್ ಅಂತ ಬಾಲ ಅಂಟಿಸಿ ಕೊಟ್ಟಿದೆ. ಅಂಥದ್ದನ್ನು ಡ್ರೈವರ್ ತೆರೆಯುವುದೇ ಇಲ್ಲ. ಎಕ್ಸೆಲ್‌ನಲ್ಲಿ ತೆರೆದು ಸೇವ್ ಆ್ಯಸ್ ಮಾಡುವುದು ಸುಲಭದ ದಾರಿ. ಆದರೆ ತೆರೆಯುವಾಗಲೇ ಎಕ್ಸೆಲ್ 007ನ್ನು 7 ಮಾಡಿಬಿಡುತ್ತದೆ, 3/4ನ್ನು ತಾರೀಖು ಮಾಡಿಬಿಡುತ್ತದೆ. ಸದಸ್ಯರ ಸಂಖ್ಯೆ ‘3/4’ ಅಂತ ಇರುವ ಸಂಘದ ಫೈಲು ಹೀಗಿದ್ದರೆ ಪವರ್ ಬಿಐನಲ್ಲಿ ಅದನ್ನು ವೆಬ್ ಪುಟವಾಗಿಯೇ ಓದಿಸಿ.

ನಿಮ್ಮ ವಿಭಾಗದಲ್ಲಿ ಆರ್ ಎಂಬ ಅಂಕಿಅಂಶದ ಭಾಷೆ ಅಥವಾ ಪೈಥಾನ್ ಬಳಸುವವರಿದ್ದರೆ ಅವರಿಂದ ಒಂದು ಫೈಲು ಓದಿಸಿ ನೋಡಬಹುದು. ಅವೆರಡೂ ಎಸಿಇ ಡ್ರೈವರ್ ಮುಟ್ಟುವುದಿಲ್ಲ. ಆದರೆ ಅವುಗಳದ್ದೂ ಊಹೆ ಇದೆ. ಆರ್‌ನ ರೀಡ್‌ಎಕ್ಸ್‌ಎಲ್ 1,000 ಸಾಲು ನೋಡಿ ಜಾತಿ ಇಡುತ್ತದೆ. ಷರಾ ಕಾಲಂ ಮೊದಲ ಸಾವಿರ ಸಾಲು ಖಾಲಿ ಇದ್ದರೆ ಆಮೇಲೆ ಬರುವ ಬರಹವೆಲ್ಲ ಎನ್‌ಎ, ಅಂದರೆ ಖಾಲಿ. ಕಾಲಂಗಳ ಜಾತಿ ‘ಟೆಕ್ಸ್ಟ್’ ಅಂತ ನೀವೇ ಕೊಟ್ಟುಬಿಡಿ. ಪೈಥಾನಿನ ಪಾಂಡಾಸ್ ಸೆಲ್ ಸೆಲ್ಲಿಗೂ ಇದ್ದದ್ದನ್ನು ತರುತ್ತದೆ, ಆದರೆ ‘ಎನ್ಎ’ ಅಂತ ಇಂಗ್ಲಿಷಿನಲ್ಲಿ ಬರೆದ ಸೆಲ್ ಖಾಲಿ ಅಂದುಕೊಳ್ಳುತ್ತದೆ. ಯಾರದ್ದಾದರೂ ಇನಿಷಿಯಲ್ ಅದೇ ಆಗಿದ್ದರೆ ಹೋಯಿತು. ಕೀಪ್ ಡಿಫಾಲ್ಟ್ ಎನ್‌ಎ ಎಂಬ ಆಯ್ಕೆಯನ್ನು ‘ಫಾಲ್ಸ್’ ಮಾಡಲು ಹೇಳಿ. ಹಳೇ ಎಕ್ಸ್‌ಎಲ್‌ಎಸ್‌ಗೆ ಎಕ್ಸ್‌ಎಲ್‌ಆರ್‌ಡಿ ಎಂಬ ಪ್ಯಾಕೇಜ್ ಬೇಕಾಗುತ್ತದೆ.

ಕೆಲಸದ ಕ್ರಮ ಹೀಗಿರಲಿ. ಸಂಘಗಳು ಕೊಟ್ಟ ಫೈಲುಗಳನ್ನು ರೀಡ್ ಓನ್ಲಿ ಮಾಡಿ ಒಂದು ಫೋಲ್ಡರಿನಲ್ಲಿ ಇಟ್ಟು ಮರೆತುಬಿಡಿ. ಪ್ರತಿಯ ಮೇಲೆ ಮಾತ್ರ ಕೆಲಸ. ಚಿಕ್ಕ ಫೈಲು ಒಂದನ್ನು ತೆಗೆದುಕೊಂಡು ಪೂರ್ತಿ ದಾರಿ ಸಾಗಿಸಿ. ಎಣಿಕೆ ಜೊತೆಗೆ ಲೀಟರ್‌ನ ಒಟ್ಟು ಮೊತ್ತವೂ ಎಕ್ಸೆಲ್‌ನಲ್ಲಿ ಬಂದದ್ದಕ್ಕೂ ಪವರ್ ಬಿಐನಲ್ಲಿ ಬಂದದ್ದಕ್ಕೂ ಸರಿಹೋದ ಮೇಲೆ ಉಳಿದವನ್ನು ಹಿಡಿಯಿರಿ. 3.8 ಅಂತ ಇದ್ದದ್ದು ಟೆಕ್ಸ್ಟಿನಲ್ಲಿ 3.7999 ಅಂತ ಉದ್ದಕ್ಕೆ ಬಂದರೆ ಗಾಬರಿ ಬೇಡ, ಅಂಕಿಗೆ ಬದಲಾಯಿಸಿ ರೌಂಡ್ ಮಾಡಿದರೆ ಸರಿಯಾಗುತ್ತದೆ.

65,536ಕ್ಕೆ ನಿಂತ ಫೈಲುಗಳ ಪಟ್ಟಿಯನ್ನು ಮಾತ್ರ ಈಗಲೇ ಮಾಡಿ, ಆಯಾ ಸಂಘದ ಕಾರ್ಯದರ್ಶಿಯವರನ್ನು ಕೇಳಿ. ಮಿಕ್ಕದ್ದೆಲ್ಲ ಫೈಲಿನೊಳಗೆ ಇದೆ, ಎಂದಾದರೂ ತೆಗೆಯಬಹುದು. ಇದೊಂದು ಫೈಲಿನಲ್ಲೇ ಇಲ್ಲ. ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಎರಡನೇ ಫೈಲು ಇದೆಯಾ, ಹಳೇ ಕಂಪ್ಯೂಟರಿನಲ್ಲಿ ಮೂಲ ಸಾಫ್ಟ್‌ವೇರ್ ಇನ್ನೂ ತೆರೆಯುತ್ತದಾ, ಇಲ್ಲವೆಂದರೆ ಆ ವರ್ಷದ ಹಾಲು ಖರೀದಿ ರಿಜಿಸ್ಟರ್ ಬೀರುವಿನಲ್ಲಿ ಇದೆಯಾ ಅಂತ ವಿಚಾರಿಸಿ. ಟೈಪ್ ಮಾಡುವ ಕೆಲಸ ಏನಾದರೂ ಬಂದರೆ ಆ ರಿಜಿಸ್ಟರಿನದ್ದು ಮಾತ್ರ.